ನಾಲ್ಕು ಬೆರಳು ಬಟ್ಟೆ

ಮೂವತ್ತೆರಡು ವರ್ಷದಿಂದ ನಾನು ಪೆಡಲು ತುಳಿಯುತ್ತಿದ್ದೇನೆ, ಒಂದಡಿ ಮುಂದೆ ಹೋಗಿಲ್ಲ. ಹೊಲಿಗೆ ಯಂತ್ರದ ಪೆಡಲೇ ಅಂಥದ್ದು. ತುಳಿದವನು ಅಲ್ಲೇ ಕೂತಿರುತ್ತಾನೆ, ಬಟ್ಟೆ ಮುಂದೆ ಹೋಗುತ್ತದೆ. ಆಮೇಲೆ ಆ ಬಟ್ಟೆ ತೊಟ್ಟವನು ಕೆಲಸ ಹಿಡಿದು, ಮದುವೆಯಾಗಿ, ಬಡ್ತಿ ಪಡೆದು ಇನ್ನೂ ಎಷ್ಟೋ ಮುಂದೆ ಹೋಗುತ್ತಾನೆ. ಇಂಥ ನಾನು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಸೊಂಟದ ಸುತ್ತಳತೆ ನಲವತ್ತೆರಡು ಇಂಚು ಇರುವಾಗ (ಉಸಿರು ಬಿಗಿಹಿಡಿದರೆ ನಲವತ್ತೊಂದು), ಅರವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆಂದು ಅಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುವ ಗಾದೆ ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ನನ್ನ ಮೈಗೆ ಮಾತ್ರ ಅಳತೆ ತೆಗೆದು ಹೊಲಿದ ಹಾಗಿದೆ.

ಯಾಕೆ ಹೇಳಿದೆ ಎನ್ನುವುದನ್ನು ಮೊದಲು ಹೇಳಬೇಕು. ಸೈಕಲ್ಲಿನ ಕಥೆ ಕೇಳಿ ನಕ್ಕವರು ಬಹಳ ಮಂದಿ, ನಾನೇ ಎಷ್ಟೋ ಸಲ ನಗಿಸಿದ್ದೇನೆ. ಅದರ ಹಿಂದಿನದನ್ನು ಮಾತ್ರ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ನನ್ನ ಅಂಗಡಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಬಾಗಿಲ ಪಕ್ಕ ಬಟ್ಟೆ ಕತ್ತರಿಸುವ ಮೇಜು, ಆಚೆ ಎರಡು ಯಂತ್ರ, ಮೂಲೆಯಲ್ಲಿ ಇಸ್ತ್ರಿ, ಕಿಟಕಿಯ ಕೆಳಗೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಒಂಬತ್ತು ವರ್ಷದಿಂದ ಕೂರುವವಳು ನಮ್ಮ ಕಾಜಾ ತಂಗಿ. ಗುಂಡಿ ತೂರುವ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು, ಅಂಚು ಮಡಿಚಿ ಹೆಮ್ಮಿಂಗ್ ಮಾಡುವುದು, ಹೀಗೆ ಕೈಯಲ್ಲೇ ಆಗಬೇಕಾದ ಕೆಲಸವೆಲ್ಲ ಅವಳದು. ಒಡಹುಟ್ಟಿದವಳಲ್ಲ. ಕೆಲಸಕ್ಕೆ ಬಂದ ಮೊದಲ ದಿನವೇ ಅವಳು ಅಣ್ಣ ಅಂದಳು, ನಾನು ತಂಗಿ ಅಂದೆ. ಅಲ್ಲಿಂದ ಮುಂದೆ ಸಂಬಳದ ಮಾತು ಎತ್ತುವುದು ಅವಳಿಗೂ ಕಷ್ಟವಾಯಿತು, ಎತ್ತದೆ ಇರುವುದು ನನಗೆ ಅನುಕೂಲವಾಯಿತು. ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಒಬ್ಬಳೇ ಮಗಳು.

ಆ ಮಗಳು ಅಂಬೆಗಾಲಿಟ್ಟದ್ದು ನನ್ನ ಮೇಜಿನ ಕೆಳಗೆ. ಚಿಂದಿ ಬಟ್ಟೆಯ ರಾಶಿಯಲ್ಲಿ ಮಲಗಿ, ಎದ್ದರೆ ಒಂದು ಕಡೆ ನಿಲ್ಲದೆ ತಿರುಗುತ್ತ, ಹೋದಲ್ಲೆಲ್ಲ ಕಾಲಿಗೆ ದಾರ ಸುತ್ತಿಕೊಂಡು ಬರುತ್ತಿದ್ದಳು. ಹಾಗಾಗಿ ನಾನು, ಯಂತ್ರದಡಿ ದಾರ ಸುತ್ತಿಕೊಂಡು ತಿರುಗುವ ಸುರುಳಿಯ ಹೆಸರಿಟ್ಟು, ಬಾಬಿನ್ ಅಂತ ಕರೆದೆ, ಅದೇ ನಿಂತಿತು. ಅವಳಿಗೆ ನಾನು ಮಾವ. ಏಳು ವರ್ಷ ತುಂಬುವ ಹೊತ್ತಿಗೆ ಬಾಬಿನ್‌ಗೆ ಮೇಲಿಂದ ಮೇಲೆ ಜ್ವರ ಬಂತು, ಎಲ್ಲೂ ಬೀಳದೆಯೇ ಮೈಮೇಲೆ ನೀಲಿ ಕಲೆಗಳು ಬಂದವು. ರಕ್ತದ ಕ್ಯಾನ್ಸರ್ ಅಂದರು ಡಾಕ್ಟರು.

ಮಗು ವಾರ್ಡಿನಲ್ಲಿ, ತಾಯಿ ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ. ಐದು ತಿಂಗಳು ಅವಳು ಆ ಬೆಂಚಿನ ಮೇಲೆಯೇ ಮಲಗಿದಳು. ಒಂದು ದಿನ ನನ್ನನ್ನು ಕರೆದು ಗುಂಡಿ ಹಚ್ಚಬೇಕಾದ ಶರ್ಟುಗಳಿದ್ದರೆ ತಂದುಕೊಡಿ ಎಂದಳು, ಕೈ ಸುಮ್ಮನಿದ್ದರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ ಎಂದಳು. ವಾರಕ್ಕೆರಡು ಸಲ ಚೀಲದಲ್ಲಿ ಶರ್ಟು ಹೊತ್ತು ಹೋದೆ. ಆ ತಿಂಗಳುಗಳಲ್ಲಿ ಶರ್ಟು ಹೊಲಿಸಿದ ನನ್ನ ಗಿರಾಕಿಗಳ ಗುಂಡಿಗಳು ಇವತ್ತಿಗೂ ಉದುರಿಲ್ಲ, ಅಷ್ಟು ಬಿಗಿಯಾಗಿ ಹಚ್ಚಿದ್ದಳು.

ಒಂದೂಕಾಲು ವರ್ಷದ ಮೇಲೆ ಡಾಕ್ಟರು, ರೋಗ ಸದ್ಯಕ್ಕೆ ಹತೋಟಿಗೆ ಬಂದಿದೆ, ಮಾತ್ರೆ ಇನ್ನೂ ಎರಡು ವರ್ಷ ನಡೆಯಬೇಕು, ಶಾಲೆಗೆ ಅರ್ಧ ದಿನ ಹೋಗಬಹುದು ಎಂದರು. ನನ್ನ ಅಂಗಡಿಗೆ ಮಾತ್ರ ಬರಕೂಡದು, ಅಲ್ಲಿ ಬಟ್ಟೆಯ ಧೂಳು ಜಾಸ್ತಿ. ಶಾಲೆಯ ಯೂನಿಫಾರ್ಮ್ ಫ್ರಾಕು ನನ್ನದೇ ಉಡುಗೊರೆ ಎಂದು ನಾನು ಘೋಷಿಸಿದೆ, ಟೇಪು ಕೊರಳಿಗೆ ಹಾಕಿಕೊಂಡು ಅವರ ಮನೆಗೆ ಹೋದೆ.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಹೊಲಿಯುವವನು ಎಲ್ಲ ಬಟ್ಟೆಯಲ್ಲೂ ಒಳಗಡೆ ಒಂದಿಷ್ಟು ಮಡಿಚಿ ಬಿಟ್ಟಿರುತ್ತಾನೆ. ಮದುವೆಗೆ ಪ್ಯಾಂಟು ಹೊಲಿಸುವ ಗಂಡಿಗೆ ಸೊಂಟದ ಹಿಂದೆ ಎರಡು ಬೆರಳು, ಯಾಕೆಂದರೆ ವರ್ಷ ತುಂಬುವುದರೊಳಗೆ ಅವನು ಹೊಟ್ಟೆ ತಡವಿಕೊಂಡು ಬಂದೇ ಬರುತ್ತಾನೆ. ನಿವೃತ್ತ ಮೇಷ್ಟರಿಗೆ ಅರ್ಧ ಬೆರಳು, ಅವರೇನೂ ಬೆಳೆಯಬೇಕಾಗಿಲ್ಲ. ಮಕ್ಕಳ ಬಟ್ಟೆಯ ಕೆಳಗಿನ ಮಡಿಕೆಗೆ ನಾಲ್ಕು ಬೆರಳು. ಮಗು ಬೆಳೆದ ಹಾಗೆ ಬಿಚ್ಚಿ ಇಳಿಸಿಕೊಂಡರೆ ಎರಡು ವರ್ಷ ಬರುತ್ತದೆ. ಹೊರಗೆ ಕಾಣುವುದು ಇವತ್ತಿನ ಮನುಷ್ಯ, ಒಳಗೆ ಮಡಿಚಿಟ್ಟಿರುವುದು ನಾಳಿನ ಮನುಷ್ಯ ಎಂದು ನಾನು ಗಿರಾಕಿಗಳ ಮುಂದೆ ಮಹಾಜ್ಞಾನಿಯ ಹಾಗೆ ಹೇಳುವುದಿತ್ತು. ಕೇಳಿದವರು ತಲೆದೂಗುತ್ತಿದ್ದರು. ಅವರಿಗೆ ಪ್ಯಾಂಟು ಬೇಗ ಬೇಕಾಗಿರುತ್ತಿತ್ತು.

ಬಾಬಿನ್ ಗೋಡೆಗೆ ಒರಗಿ ನಿಂತಳು. ತಲೆಯ ಮೇಲೆ ಕೂದಲಿರಲಿಲ್ಲ, ತೋಳು ನನ್ನ ಹೆಬ್ಬೆರಳಷ್ಟು ದಪ್ಪ. ಹೆಗಲಿಂದ ಮೊಣಕಾಲಿನ ಕೆಳಗಿನವರೆಗೆ ಟೇಪು ಹಿಡಿದೆ. ಹಿಂದಿನ ಅಳತೆ ನನಗೆ ನೆನಪಿತ್ತು, ಒಂದು ನೂಲೂ ಹೆಚ್ಚಾಗಿರಲಿಲ್ಲ. ಎಷ್ಟು ಬೆಳೆದೆ ಮಾವ ಎಂದು ಅವಳು ಕೇಳಿದಾಗ, ಮುಗಿಲು ಮುಟ್ಟೋದಕ್ಕೆ ಸ್ವಲ್ಪ ಬಾಕಿ ಎಂದೆ. ಅವಳು ನಕ್ಕಳು.

ಮಾರನೆಯ ದಿನ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕತ್ತರಿಸಿದೆ. ನಾಲ್ಕು ಬೆರಳು ಬಿಡುವುದಕ್ಕೆ ನಾನು ಯೋಚನೆ ಮಾಡುವುದಿಲ್ಲ. ಎಡಗೈ ತಾನಾಗಿ ಬಟ್ಟೆಯ ಮೇಲೆ ಅಡ್ಡ ಬೀಳುತ್ತದೆ, ಬಲಗೈ ಅದರ ಕೆಳಗೆ ಗೆರೆ ಎಳೆಯುತ್ತದೆ. ಮೂವತ್ತೆರಡು ವರ್ಷ ಹಾಗೇ ನಡೆದಿದೆ. ಅವತ್ತು ಎಡಗೈ ಬೀಳಲಿಲ್ಲ. ನಾನು ನೋಡಲೂ ಇಲ್ಲ. ಹೊಲಿದೆ, ಇಸ್ತ್ರಿ ಮಾಡಿದೆ, ಅಂಚು ಮುಗಿಸಲಿ ಎಂದು ಹೆಮ್ಮೆಯಿಂದ ಅವಳ ತಾಯಿಯ ಮಡಿಲಿಗೇ ಹಾಕಿದೆ.

ಅವಳು ಫ್ರಾಕನ್ನು ಒಳಹೊರಗು ತಿರುಗಿಸಿ ಅಂಚು ಹಿಡಿದು ಮಡಿಚಲು ಹೋದಳು. ಬೆರಳಿಗೆ ಬಟ್ಟೆ ಸಿಗಲಿಲ್ಲ. ಇನ್ನೊಂದು ಕಡೆ ಹಿಡಿದು ನೋಡಿದಳು. ಆಮೇಲೆ ತಲೆಯೆತ್ತಿದಳು.

"ಅಣ್ಣ, ಇದ್ರಲ್ಲಿ ಮುಂದೆ ಬಿಚ್ಚಿ ಇಳಿಸೋಕೆ ಏನೂ ಇಲ್ವಲ್ಲ."

ನಿವೃತ್ತ ಮೇಷ್ಟರಿಗೆ ಬಿಡುವಷ್ಟು ಬಿಟ್ಟಿದ್ದೆ. ನಾನು ಏನು ಮಾಡಿದ್ದೇನೆಂದು ನನಗೆ ಆಗ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ನನ್ನ ಬಾಯಿ ಮುಗಿಲು ಎಂದಿತ್ತು, ನನ್ನ ಕೈ ಈ ಮಗು ಬೆಳೆಯುವುದಿಲ್ಲ ಎಂದು ತೀರ್ಮಾನ ಮಾಡಿತ್ತು. ಅಲ್ಲೇ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಬಟ್ಟೆ ಸಾಲಲಿಲ್ಲ ಎಂದೆ. ಹಾಗೆ ಹೇಳುವಾಗ ಮಿಕ್ಕ ನೀಲಿ ಬಟ್ಟೆ ಮುಕ್ಕಾಲು ಮೀಟರಿನಷ್ಟು ಮೇಜಿನ ತುದಿಯಿಂದ ನನ್ನ ಮೊಣಕಾಲಿನವರೆಗೆ ಇಳಿಬಿದ್ದಿತ್ತು.

ಅವಳು ಅದನ್ನು ನೋಡಿದಳು. ಇದ್ದ ಅರ್ಧ ಬೆರಳನ್ನೇ ಮಡಿಚಿ ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕಿ ಮುಗಿಸಿದಳು. ಇನ್ನೊಂದು ಹೊಲಿದುಕೊಡುತ್ತೇನೆ ಎಂದೆ, ಸಂಜೆ ಹೊರಡುವಾಗ, ಧ್ವನಿ ಸಣ್ಣದು ಮಾಡಿಕೊಂಡು.

"ಬೇಡ ಬಿಡಿ ಅಣ್ಣ. ಇಷ್ಟೇ ಸಾಕು ಅಂತ ನೀವೇ ಅಳತೆ ತಗೊಂಡಿದ್ದೀರಲ್ಲ" ಎಂದಳು.

ಮಾರನೆಯ ದಿನ ಆ ಮಿಕ್ಕ ಬಟ್ಟೆಯನ್ನು ಬಚ್ಚಿಡೋಣವೆಂದು ಹುಡುಕಿದರೆ ಇರಲಿಲ್ಲ. ಅವಳೇ ಸಿಟ್ಟಿಗೆ ಕಸದ ಜೊತೆ ಗುಡಿಸಿ ಎಸೆದಿರಬೇಕು, ನನಗೆ ತಕ್ಕದ್ದೇ ಆಯಿತು ಎಂದುಕೊಂಡೆ.

ಅವಳು ಕೆಲಸ ಬಿಡಲಿಲ್ಲ, ಜಗಳ ಆಡಲಿಲ್ಲ. ಅಣ್ಣ ಅನ್ನುವುದನ್ನೂ ನಿಲ್ಲಿಸಲಿಲ್ಲ. ಆದರೆ ಮೊದಲು ಮಗಳ ರಕ್ತ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಬಾಗಿಲಲ್ಲೇ ಹೇಳುತ್ತ ಒಳಗೆ ಬರುತ್ತಿದ್ದವಳು, ಈಗ ಕೇಳಿದರೂ ಇದ್ದಾಳೆ ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಇದ್ದಾಳೆ ಎಂಬ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ಒಳಗೆ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಮನೆಗೆ ಹೋಗಿ ನೋಡಿಬರಲು ನನಗೆ ಮುಖವಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನನ್ನದು ನಾಲ್ಕು ಬೆರಳು ಬಟ್ಟೆಗೆ ಹೋಗಿತ್ತು.

ಹೀಗೆ ಆರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅದೇ ವಾರ್ಡಿನ ಹಿರಿಯ ನರ್ಸಮ್ಮ ಎಂಬತ್ತು ಬನಿಯನ್ನುಗಳ ಕಟ್ಟು ಹೊತ್ತು ಅಂಗಡಿಗೆ ಬಂದರು. ಎಲ್ಲಕ್ಕೂ ಬೆನ್ನಿನ ಮೇಲೆ ನಂಬರು ಹೊಲಿಯಬೇಕು. ಆಸ್ಪತ್ರೆಯವರು ಸೈಕಲ್ ಸವಾರಿ ಇಟ್ಟುಕೊಂಡಿದ್ದಾರೆ, ಅರವತ್ತು ಕಿಲೋಮೀಟರು. ಸವಾರಿ ಮಾಡುವವರು ತಮ್ಮ ಪರಿಚಯದವರಿಂದ ಕಿಲೋಮೀಟರಿಗೆ ಇಷ್ಟು ಎಂದು ಬರೆಸಿಕೊಂಡು ಬರಬೇಕು. ಎಷ್ಟು ದೂರ ತುಳಿಯುತ್ತಾರೋ ಅಷ್ಟು ಹಣ. ಆಸ್ಪತ್ರೆಯ ಎದುರಿಗೆ ಒಂದು ಹಳೇ ಮನೆ ಬಾಡಿಗೆಗೆ ಹಿಡಿದು, ಕ್ಯಾನ್ಸರ್ ಆದ ಮಕ್ಕಳ ತಾಯಂದಿರಿಗೆ ಮಲಗಲು ಕೋಣೆ ಮಾಡುತ್ತಾರಂತೆ. ಎಷ್ಟು ಜನ ತಾಯಂದಿರು ಬೆಂಚಿನ ಮೇಲೆ ಮಲಗುತ್ತಾರೆ ಎಂದು ನರ್ಸಮ್ಮ ಹೇಳುತ್ತಿದ್ದಾಗ ಕಿಟಕಿಯ ಕೆಳಗೆ ಸೂಜಿ ನಿಂತಿತು.

ಸೂಜಿ ನಿಂತದ್ದು ನನಗೆ ಕೇಳಿಸಿತು. ಅಷ್ಟೇ, ನನ್ನ ಬಾಯಿ ತೆರೆದುಕೊಂಡಿತು. ಎಂಬತ್ತೊಂದು ಮಾಡಿ, ನಾನೂ ಬರುತ್ತೇನೆ ಎಂದೆ.

ಪ್ಯಾಂಟಿನ ಅಳತೆಗೆ ನಿಂತಿದ್ದ ಬ್ಯಾಂಕಿನ ಕ್ಯಾಷಿಯರು ಎಷ್ಟು ಜೋರಾಗಿ ನಕ್ಕರೆಂದರೆ ಗುಂಡುಸೂಜಿ ಚುಚ್ಚಿಕೊಂಡಿತು. ನಾನು ಎದೆಯುಬ್ಬಿಸಿ, ಮೂವತ್ತೆರಡು ವರ್ಷ ತುಳಿದ ಕಾಲು ಸ್ವಾಮಿ ಇದು ಎಂದೆ. ಕ್ಯಾಷಿಯರು ಅಲ್ಲೇ ನರ್ಸಮ್ಮನ ಕೈಯಿಂದ ಹಾಳೆ ಇಸಿದುಕೊಂಡು ಕಿಲೋಮೀಟರಿಗೆ ದೊಡ್ಡ ಮೊತ್ತವನ್ನೇ ಬರೆದರು, ನೀವು ಮೂರನೇ ಕಿಲೋಮೀಟರು ದಾಟಲ್ಲ ಬಿಡಿ ಎಂಬ ಧೈರ್ಯದ ಮೇಲೆ. ಆ ವಾರ ಬಂದ ಗಿರಾಕಿಗಳೆಲ್ಲ ಅದೇ ಧೈರ್ಯದ ಮೇಲೆ ಬರೆದರು. ನನ್ನ ಮೇಲೆ ಇಷ್ಟೊಂದು ಜನಕ್ಕೆ ಇಷ್ಟೊಂದು ಅಪನಂಬಿಕೆ ಇದೆಯೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಕಾಜಾ ತಂಗಿ ನಕ್ಕಳೋ ಇಲ್ಲವೋ ನೋಡಲು ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿ ಹತ್ತು ನಿಮಿಷದಲ್ಲಿ ಫ್ರಾಕಿನ ಕಥೆಯನ್ನೆಲ್ಲ ಹೊರಗೆಳೆದಳು. ಪೊಲೀಸಿನವರು ಅವಳನ್ನು ಕೆಲಸಕ್ಕೆ ಕರೆಯದೇ ಇರುವುದು ಅವರ ನಷ್ಟ. ಎಲ್ಲ ಕೇಳಿ ಅವಳು ಒಂದೇ ಮಾತು ಹೇಳಿದಳು.

"ನೀವು ಸೈಕಲ್ ತುಳಿದ್ರೆ ಅವಳ ಫ್ರಾಕು ಉದ್ದ ಆಗುತ್ತೇನ್ರೀ? ಹೋಗಿ ತಪ್ಪಾಯ್ತು ಅನ್ನಿ."

ತಪ್ಪಾಯ್ತು ತಂಗಿ. ಎರಡೇ ಪದ. ಅದಕ್ಕಿಂತ ಅರವತ್ತು ಕಿಲೋಮೀಟರು ಸುಲಭ ಅನ್ನಿಸಿತು, ಅಂಥ ಗಂಡಸು ನಾನು.

ಸೈಕಲ್ ಕೊಟ್ಟವರು ನನ್ನ ಷಡ್ಡಕ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಹೋಲಿಸಿ ನೋಡಲು ಇರಲಿ ಎಂದು ದೇವರು ಪ್ರತಿ ಗಂಡಸಿಗೂ ಒಬ್ಬನನ್ನು ಕೊಟ್ಟಿರುತ್ತಾನೆ. ನಮ್ಮವರು ನನಗಿಂತ ಏಳು ವರ್ಷ ದೊಡ್ಡವರು, ನಿವೃತ್ತರಾದ ಮೇಲೆ ಸೈಕಲ್ ಹಿಡಿದು ಹೊಟ್ಟೆ ಕರಗಿಸಿ ಬಡಿಗೆಯ ಹಾಗಾಗಿದ್ದಾರೆ, ವಾರಕ್ಕೆ ಇನ್ನೂರು ಕಿಲೋಮೀಟರು ಹೋಗುತ್ತಾರೆ, ಹೋದದ್ದನ್ನು ಉಳಿದ ವಾರವೆಲ್ಲ ಹೇಳುತ್ತಾರೆ. ಅವರ ಹಳೆಯ ಸೈಕಲ್ಲಿನ ಸೀಟು ನೋಡಿದೆ. ನನ್ನ ಕತ್ತರಿಯ ಹಿಡಿಯಷ್ಟು ಅಗಲವಿತ್ತು.

ದರ್ಜಿಯಾದವನು ಅದಕ್ಕೆಲ್ಲ ಹೆದರಬಾರದು ಎಂದು ನನ್ನ ಚಡ್ಡಿಗೆ ನಾನೇ ಮೆತ್ತೆ ಹೊಲಿದುಕೊಂಡೆ. ಕೋಟಿನ ಹೆಗಲಿಗೆ ಇಡುವ ಪ್ಯಾಡುಗಳು ಅಂಗಡಿಯಲ್ಲಿ ಬೇಕಾದಷ್ಟಿದ್ದವು. ನಾಲ್ಕನ್ನು ಜೋಡಿಸಿ ಹಿಂಭಾಗಕ್ಕೆ ಕೂರಿಸಿದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಹೆಂಡತಿ, ನಿಮ್ಮ ಹೆಗಲು ಜಾರಿ ಕೆಳಗೆ ಬಂದಿದೆ ಎಂದಳು.

ಮೊದಲ ವಾರ ಎಲ್ಲ ಸುಸೂತ್ರವಾಗಿತ್ತು, ಯಾಕೆಂದರೆ ರಸ್ತೆ ಸಪಾಟಾಗಿತ್ತು. ಎರಡನೆಯ ವಾರ ನೀರು ಸರಬರಾಜು ಕಚೇರಿಯ ಇಳಿಜಾರಿಗೆ ಹೋದೆ. ಹೊಲಿಗೆ ಯಂತ್ರವನ್ನು ನಿಲ್ಲಿಸುವುದು ಬ್ರೇಕಿನಿಂದಲ್ಲ. ಬಲಗಡೆ ಮೇಲೊಂದು ಚಕ್ರವಿರುತ್ತದೆ, ವೇಗ ಹೆಚ್ಚಾಯಿತು ಅನ್ನಿಸಿದರೆ ಅಂಗೈಯನ್ನು ಅದರ ಮೇಲಿಟ್ಟು ಒತ್ತಿದರೆ ನಿಲ್ಲುತ್ತದೆ. ದಿನಕ್ಕೆ ಸಾವಿರ ಸಲ ಮಾಡುವ ಕೆಲಸ. ಇಳಿಜಾರಿನಲ್ಲಿ ಸೈಕಲ್ ಓಡತೊಡಗಿದಾಗ ನನ್ನ ಬಲಗೈ ತಾನಾಗಿ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಆ ಚಕ್ರವನ್ನು ಹುಡುಕಿತು. ಸಿಗಲಿಲ್ಲ. ಇನ್ನೂ ಸ್ವಲ್ಪ ಬಲಕ್ಕೆ ಹುಡುಕಿತು. ಕಚೇರಿಯ ಬೇಲಿಯೊಳಗಿಂದ ನನ್ನನ್ನು ಎಳೆದು ಹೊರಗೆ ತೆಗೆದ ಕಾವಲುಗಾರ, ಯಾರಿಗೆ ಕೈ ಬೀಸ್ತಾ ಇದ್ರಿ ಸಾರ್ ಎಂದು ಕೇಳಿದ.

ಮುಳ್ಳು ಕೀಳಿಸಿಕೊಳ್ಳುತ್ತ ಕೂತಾಗ ನನಗೆ ಹೊಳೆಯಿತು. ಕೈ ತಾನಾಗಿ ಮಾಡುವುದನ್ನು ನಂಬಿ ಬದುಕಿದವನು ನಾನು. ಅದು ಮಾಡಬಾರದಾಗ ಮಾಡುತ್ತದೆ, ಮಾಡಬೇಕಾದಾಗ ಸುಮ್ಮನಿರುತ್ತದೆ. ಮಾರನೆಯ ದಿನದಿಂದ ಇಳಿಜಾರು ಬಂದಾಗಲೆಲ್ಲ ಹ್ಯಾಂಡಲ್ ಹಿಡಿ, ಹ್ಯಾಂಡಲ್ ಹಿಡಿ ಎಂದು ಗಟ್ಟಿಯಾಗಿ ಹೇಳಿಕೊಂಡು ಹೋದೆ. ದಾರಿಹೋಕರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ನಾಲ್ಕು ತಿಂಗಳ ಮೇಲೆ ಸವಾರಿಯ ದಿನ ಬಂತು, ಒಂದು ಭಾನುವಾರ. ಆಟದ ಮೈದಾನದಿಂದ ಹೊರಟು ಸುತ್ತು ಹಾಕಿ ಅಲ್ಲಿಗೇ ಬರಬೇಕು. ಎಂಬತ್ತೊಂದನೆಯ ನಂಬರು ನನ್ನ ಬೆನ್ನಿನ ಮೇಲೆ ನಾನೇ ಹೊಲಿದದ್ದು, ಸ್ವಲ್ಪ ಸೊಟ್ಟಗಿತ್ತು. ಕೊರಳಲ್ಲಿ ಟೇಪು ಹಾಗೇ ಇತ್ತು; ಬೆಳಿಗ್ಗೆ ಎದ್ದ ತಕ್ಷಣ ಹಾಕಿಕೊಳ್ಳುವ ಅಭ್ಯಾಸ, ತೆಗೆಯಲು ಮರೆತಿದ್ದೆ. ಪೀಪಿ ಊದಿದರು. ಷಡ್ಡಕರು ಒಮ್ಮೆ ಹಿಂತಿರುಗಿ ನೋಡಿ ಮುಗುಳ್ನಕ್ಕು ಮಾಯವಾದರು.

ಮೂರನೇ ಕಿಲೋಮೀಟರು ದಾಟಿದಾಗ ಕ್ಯಾಷಿಯರ ನೆನಪಾಗಿ ಬಹಳ ಸಂತೋಷವಾಯಿತು. ಹದಿನೈದಕ್ಕೆ ಎಲ್ಲರೂ ನನ್ನನ್ನು ಹಿಂದೆ ಹಾಕಿದ್ದರು. ಇಪ್ಪತ್ತೆರಡರಲ್ಲಿ ಒಂದು ಪ್ಯಾಡಿನ ಹೊಲಿಗೆ ಬಿಟ್ಟು ತೊಡೆಯ ಪಕ್ಕಕ್ಕೆ ಜಾರಿತು, ಮೂವತ್ತರಲ್ಲಿ ಇನ್ನೊಂದು. ನನ್ನ ಹಿಂದೆ ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನು ಆಮೆಯ ಹಾಗೆ ಬರುತ್ತಿತ್ತು. ಡ್ರೈವರು ಆಗಾಗ ಕಿಟಕಿಯಿಂದ ತಲೆ ಹಾಕಿ, ಯಜಮಾನ್ರೇ, ಸಾಕಾದ್ರೆ ಹೇಳಿ ಅನ್ನುತ್ತಿದ್ದ. ಅವನ ದನಿಯಲ್ಲಿ ಮರ್ಯಾದೆಯೂ ಇತ್ತು, ಹಸಿವೂ ಇತ್ತು.

ನಾನು ತುಳಿದೆ. ಆ ಹೊತ್ತಿಗೆ ನಗು ಬರುತ್ತಿರಲಿಲ್ಲ. ಬಾಬಿನ್ ಹೇಗಿದ್ದಾಳೋ ಏನೋ ಎಂಬುದೊಂದೇ ತಲೆಯಲ್ಲಿತ್ತು. ಹತ್ತು ತಿಂಗಳಾಗಿತ್ತು ನೋಡಿ. ಈ ರಸ್ತೆ ಮುಗಿಸಿದರೆ ಮಗು ಉಳಿಯುತ್ತದೆ ಎಂದು ನನಗೆ ನಾನೇ ಒಂದು ಒಪ್ಪಂದ ಮಾಡಿಕೊಂಡೆ. ಯಾರ ಜೊತೆ ಒಪ್ಪಂದ, ಯಾರು ಸಹಿ ಹಾಕಿದರು ಎಂದು ಕೇಳಬೇಡಿ. ಮಕ್ಕಳಿಗೂ ಗೊತ್ತಿರುತ್ತದೆ ಅದು ಸುಳ್ಳೆಂದು. ಆದರೂ ತುಳಿದೆ.

ನಲವತ್ತೇಳನೆಯ ಕಲ್ಲಿನ ಹತ್ತಿರ ಎಡ ಮೀನಖಂಡ ಗಂಟು ಕಟ್ಟಿತು. ಇಳಿದು ತಿಕ್ಕಿದೆ, ಹತ್ತಿದೆ, ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಡ್ರೈವರು ಕೆಳಗಿಳಿದು ಬಂದು ಸೈಕಲ್ ಎತ್ತಿ ವ್ಯಾನಿಗೆ ಹಾಕಿದ, ಆಮೇಲೆ ನನ್ನನ್ನೂ ಹೆಚ್ಚುಕಡಿಮೆ ಹಾಗೇ ಹಾಕಿದ. ಮಿಕ್ಕ ಹದಿಮೂರು ಕಿಲೋಮೀಟರಿಗೆ ಕಾಲು ಗಂಟೆ ಸಾಕಾಯಿತು. ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಡ್ರೈವರು ರೇಡಿಯೋ ದನಿ ಹೆಚ್ಚಿಸಿದ, ಒಳ್ಳೆಯವನು.

ಮೈದಾನದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಜನ ಚದುರಿದ್ದರು. ಮರದ ಕೆಳಗೆ ನನ್ನ ಹೆಂಡತಿ, ಅವಳ ಪಕ್ಕ ಕಾಜಾ ತಂಗಿ, ಅವಳ ಪಕ್ಕ ಒಂದು ಮಗು. ಕಾಯಿಲೆಯಿಂದ ಎದ್ದು ಶಾಲೆಗೆ ಹೋಗುತ್ತಿರುವ ಮಕ್ಕಳು ಯೂನಿಫಾರ್ಮಿನಲ್ಲೇ ಬಂದು ಸವಾರರಿಗೆ ಪದಕ ಹಾಕಬೇಕೆಂದು ನರ್ಸಮ್ಮ ಏರ್ಪಾಡು ಮಾಡಿದ್ದರಂತೆ. ನನಗೆ ಗೊತ್ತಿರಲಿಲ್ಲ.

ವ್ಯಾನಿನಿಂದ ಇಳಿದ ನನಗೆ ಮೊದಲು ಕಂಡದ್ದು ಮೊಣಕಾಲು. ನಾನು ಮುಚ್ಚುವ ಹಾಗೆ ಅಳೆದಿದ್ದ ಮೊಣಕಾಲು, ಎರಡೂ, ಪೂರ್ತಿ ಹೊರಗಿದ್ದವು. ಒಂದರ ಮೇಲೆ ಆಡುವಾಗ ಬಿದ್ದು ಕೆತ್ತಿಕೊಂಡ ಗಾಯ, ಒಣಗಿ ಹಕ್ಕಳೆ ಕಟ್ಟಿತ್ತು. ಅದರ ಮೇಲೆ ನೀಲಿ ಫ್ರಾಕು, ತೊಳೆದೂ ತೊಳೆದೂ ಬಣ್ಣ ತೆಳುವಾದದ್ದು. ಅದಕ್ಕೂ ಮೇಲೆ ಬ್ರಷ್ಷಿನ ಹಾಗೆ ನೆಟ್ಟಗೆ ನಿಂತ ಕೂದಲು. ಬಾಬಿನ್ ಓಡಿಬಂದು ಮಾವ ಬಗ್ಗು ಎಂದಳು. ಬಗ್ಗಿದೆ, ಪದಕ ಹಾಕಿದಳು. ಅದು ಟೇಪಿಗೆ ಸಿಕ್ಕಿಕೊಂಡಿತು.

ಅವಳ ತಾಯಿ ನಿಧಾನ ನಡೆದು ಬಂದಳು.

"ಎಷ್ಟಾಯ್ತು ಅಣ್ಣ?"

"ನಲವತ್ತೇಳು."

ಅವಳು ನನ್ನನ್ನು ನೋಡಿದಳು, ಜಾರಿ ಮೊಣಕಾಲಿಗೆ ಬಂದಿದ್ದ ಪ್ಯಾಡನ್ನು ನೋಡಿದಳು.

"ಇದನ್ನೂ ಗಿಡ್ಡ ಮಾಡಿಬಿಟ್ರಾ?"

ಹೆಂಡತಿ ನಕ್ಕಳು. ಅವಳೂ ನಕ್ಕಳು, ಹತ್ತು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕಳು. ನಾನು ನಗಲು ಹೋಗಿ ಆಗದೆ ಆ ಎರಡು ಪದ ಹೇಳಿದೆ.

"ತಪ್ಪಾಯ್ತು ತಂಗಿ. ಅವತ್ತು ಬಟ್ಟೆ ಸಾಲದೆ ಇರ್ಲಿಲ್ಲ."

"ಗೊತ್ತು" ಎಂದಳು. ಕೈಚೀಲದಿಂದ ಒಂದು ಮಡಿಕೆ ತೆಗೆದಳು. ನೀಲಿ ಬಟ್ಟೆ, ಮುಕ್ಕಾಲು ಮೀಟರು, ಒಮ್ಮೆಯೂ ನೀರು ಕಾಣದ ಹೊಸ ಬಣ್ಣ. "ಮಿಕ್ಕಿದ್ದನ್ನ ಅವತ್ತೇ ಎತ್ತಿಟ್ಟಿದ್ದೆ. ನಿಮಗೊಬ್ಬರಿಗೇ ಭಯ ಇತ್ತಾ ಅಣ್ಣ? ನನಗೂ ಇತ್ತು. ಭಯ ಇಟ್ಕೊಂಡೇ ಎತ್ತಿಟ್ಟೆ."

ನಾನು ಕೊರಳಿಂದ ಟೇಪು ಬಿಡಿಸಿ, ಆ ಮೈದಾನದಲ್ಲೇ ಮಂಡಿಯೂರಿ (ಮತ್ತೆ ಏಳಲು ಇಬ್ಬರು ಬೇಕಾದರು) ಬಾಬಿನ್‌ಳನ್ನು ಅಳೆದೆ. ನಾಲ್ಕು ಬೆರಳಿಗೆ ಒಂದು ನೂಲು ಕಡಿಮೆ ಬೆಳೆದಿದ್ದಳು.

ಆ ವಾರ ಕ್ಯಾಷಿಯರು ಬಂದು ನಲವತ್ತೇಳು ಕಿಲೋಮೀಟರಿನ ಹಣ ಎಣಿಸಿಕೊಟ್ಟರು, ಮುಖ ಅಷ್ಟೇನೂ ಚೆನ್ನಾಗಿರಲಿಲ್ಲ. ಎದುರು ಮನೆಯಲ್ಲಿ ಈಗ ಆರು ಕೋಣೆಗಳಿವೆ. ಅದರಲ್ಲಿ ನನ್ನ ಕಾಲಿನ ಪಾಲು ಒಂದು ಕಿಟಕಿಯಷ್ಟಿರಬಹುದು ಎಂದು ಷಡ್ಡಕರು ಲೆಕ್ಕ ಹಾಕಿ ಹೇಳಿದ್ದಾರೆ. ಅವರದು ಒಂದೂವರೆ ಬಾಗಿಲಂತೆ.

ನಾನು ಹೊಸ ಫ್ರಾಕು ಹೊಲಿಯುತ್ತೇನೆಂದೆ. ಬಾಬಿನ್ ಬೇಡವೆಂದು ಹಟ ಹಿಡಿದಳಂತೆ, ಅದೇ ಫ್ರಾಕು ಬೇಕು, ಅದನ್ನೇ ಉದ್ದ ಮಾಡಬೇಕು. ಹಾಗಾಗಿ ಮಾಸಿದ ನೀಲಿಯ ಕೆಳಗೆ ಹೊಸ ನೀಲಿಯ ಪಟ್ಟಿ ಜೋಡಿಸಿದೆ. ಎಷ್ಟೇ ನಾಜೂಕು ಮಾಡಿದರೂ ಜೋಡಣೆ ಎದ್ದು ಕಾಣುತ್ತಿತ್ತು. ನನ್ನ ಅಂಗಡಿಯಿಂದ ಹೊರಗೆ ಹೋದ ಬಟ್ಟೆಗಳಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ, ರಸ್ತೆಯ ಆ ತುದಿಯಿಂದಲೇ ದರ್ಜಿಯ ತಪ್ಪು ಗೊತ್ತಾಗುತ್ತದೆ.

ಪಟ್ಟಿ ಕತ್ತರಿಸುವಾಗ ನನ್ನ ಕೈಯನ್ನು ನಾನು ನಂಬಲಿಲ್ಲ. ಎಡಗೈಯನ್ನು ಬಲಗೈಯಿಂದ ಹಿಡಿದು ಬಟ್ಟೆಯ ಮೇಲೆ ಅಡ್ಡ ಇಟ್ಟು, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಮಡಿಕೆ ಬಿಟ್ಟೆ. ಗುಂಡುಸೂಜಿ ಚುಚ್ಚಿ ಕಿಟಕಿಯ ಕೆಳಗಿನ ಕುರ್ಚಿಗೆ ಕೊಟ್ಟೆ. ಅವಳು ಒಳಹೊರಗು ತಿರುಗಿಸಿ ಮಡಿಕೆಯ ಮೇಲೆ ತನ್ನ ಬೆರಳಿಟ್ಟು ನೋಡಿದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವಳು ಸೂಜಿಗಳನ್ನೆಲ್ಲ ಕಿತ್ತು ಫ್ರಾಕನ್ನು ನನಗೇ ವಾಪಸು ಕೊಟ್ಟಳು.

"ಬಟ್ಟೆ ಇನ್ನೂ ಇದ್ಯಲ್ಲ ಅಣ್ಣ. ಐದು ಬಿಡಿ."

ಜೋಡಣೆ ಬಿಚ್ಚಿ, ಇನ್ನೂ ಅಗಲದ ಪಟ್ಟಿ ಕತ್ತರಿಸಿ, ಐದು ಬಿಟ್ಟೆ.